ತಲೆಗೊಂದು ಕೊಂಬು ಎಣ್ಣೆ

ನಮ್ಮೂರಿನ ಹೆಂಗಸರ ಜಡೆ ಕಾಯುತ್ತಿದ್ದವಳ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಅವಳು ನನ್ನ ಅಕ್ಕ ಪುಟಿತ್. ಹನ್ನೊಂದನೆಯ ವಯಸ್ಸಿನಿಂದಲೂ ಚೋಮೋ. ಅಂದರೆ ತಲೆ ಬೋಳಿಸಿಕೊಂಡು, ಕೆಂಪು ನಿಲುವಂಗಿ ತೊಟ್ಟು, ಮಠಕ್ಕೆ ಹೋಗದೆ ತವರಿನ ಅಡಿಗೆಮನೆ ಪಕ್ಕದ ಕೋಣೆಯಲ್ಲೇ ಉಳಿದು ದುಡಿಯುವ ಸನ್ಯಾಸಿನಿ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ಊರಿನ ಗಂಡಸರು ಅವಳನ್ನು ಕಂಡಾಗಲೆಲ್ಲ ನಗುತ್ತಿದ್ದರು. ಅವಳು ಟೋಪಿ ಎತ್ತಿ ಬೋಳುತಲೆ ತೋರಿಸಿ, "ನಿಮ್ಮ ಹೆಂಡ್ತೀರ ಹೇನು ಇಲ್ಲಿಗೆ ಹತ್ತೋದಿಲ್ಲ ನೋಡ್ರಪ್ಪ, ಅದಕ್ಕೇ ನನ್ನ ಹತ್ರ ಕಳಿಸ್ತೀರ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ನಮ್ಮ ಲಡಾಖಿನಲ್ಲಿ ಸಿಂಧೂ ನದಿಯ ಅಂಚು ಹೆಪ್ಪುಗಟ್ಟಿತೆಂದರೆ ಮುಂದಿನ ಐದು ತಿಂಗಳು ತಲೆಗೆ ಟೋಪಿಯೇ ಗತಿ. ಆ ಐದು ತಿಂಗಳು ಹೆಂಗಸಿನ ಕೂದಲು ಉಳಿಯಬೇಕಾದರೆ ಏನು ಮಾಡಬೇಕು, ಏನು ಮಾಡಬಾರದು ಎಂಬ ವಿಷಯದಲ್ಲಿ ಅಕ್ಕನ ಮಾತು ಲಾಮಾಗಳ ಮಾತಿಗಿಂತ ಹೆಚ್ಚು ನಡೆಯುತ್ತಿತ್ತು. ಇಡೀ ಚಳಿಗಾಲಕ್ಕೆ ಮೂರೇ ತಲೆಸ್ನಾನ. ಹೊಸವರ್ಷದ ಲೋಸರ್ ಹಬ್ಬಕ್ಕೆ ಮುಂಚೆ ಒಂದು, ನಡುವೆ ಒಂದು, ಮಂಜು ಒಡೆಯುವಾಗ ಒಂದು. ಅದೂ ಗಾಳಿಯಿಲ್ಲದ ದಿನ, ನೆತ್ತಿಯ ಮೇಲೆ ಬಿಸಿಲಿದ್ದಾಗ, ಮಜ್ಜಿಗೆಯಲ್ಲಿ ಜವೆಹಿಟ್ಟು ಕಲಸಿ. ಆಮೇಲೆ ಒಲೆಯ ಮುಂದೆ ಮೂರು ಕೆಟಲು ಉಪ್ಪು ಚಹಾ ಖಾಲಿಯಾಗುವವರೆಗೆ ಎದ್ದು ಹೊರಗೆ ಹೋಗುವಂತಿಲ್ಲ. ಒದ್ದೆ ಕೂದಲು ಹೊರಗೆ ಹೋದರೆ ಕಡ್ಡಿಯಾಗುತ್ತದೆ, ಕಡ್ಡಿಯಾದದ್ದು ಮುರಿಯುತ್ತದೆ. ಉಚ್ಚೆಗೆ ಅವಸರವಾದರೆ ಎಂದು ಯಾರಾದರೂ ಕೇಳಿದರೆ, ಕುಡಿಯುವ ಮುಂಚೆ ಯೋಚಿಸಬೇಕಿತ್ತು ಎನ್ನುತ್ತಿದ್ದಳು.

ಎಣ್ಣೆ ಜರ್ದಾಲು ಹಣ್ಣಿನ ಬೀಜದ್ದೇ ಆಗಬೇಕು. ಸಿಹಿ ಬೀಜ ಬಾಯಿಗೆ, ಕಹಿ ಬೀಜ ತಲೆಗೆ. ಬೀಜ ಒಡೆದು, ಅರೆದು, ಒಲೆಯ ಪಕ್ಕ ಬೆಚ್ಚಗಾದ ಗುಳಿಕಲ್ಲಿನಲ್ಲಿ ಹಾಕಿ, ಬಿಸಿನೀರು ಚಿಮುಕಿಸುತ್ತ ಹಿಟ್ಟಿನಂತೆ ನಾದಬೇಕು. ಗಂಟೆಗಟ್ಟಲೆ ನಾದಿದ ಮೇಲೆ ಬೆರಳ ಸಂದಿಯಿಂದ ಎಣ್ಣೆ ಬಿಡುತ್ತದೆ. ಅದನ್ನು ಅಕ್ಕ ಆಡಿನ ಕೊಂಬುಗಳಲ್ಲಿ ತುಂಬಿ, ಮರದ ಬಿರಡೆ ಬಡಿದು, ಅಡಿಗೆಮನೆಯ ಕಂಬಕ್ಕೆ ತೂಗುಹಾಕುತ್ತಿದ್ದಳು. ಕೊಂಬು ಅಂದರೆ ನಮ್ಮ ಅವ್ವನ ಕಾಲದ ಅಳತೆ. ಒಂದು ತಲೆಗೆ, ಒಂದು ಚಳಿಗಾಲಕ್ಕೆ, ಒಂದು ಕೊಂಬು. ಹದಿನೈದು ದಿನಕ್ಕೊಮ್ಮೆ ಜಡೆಗಳನ್ನೆಲ್ಲ ಬಿಚ್ಚಿ, ಮರದ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, ಅಂಗೈಯಲ್ಲಿ ಎಣ್ಣೆ ಬಿಸಿಮಾಡಿ ಬುಡದಿಂದ ತುದಿಯವರೆಗೆ ಎಳೆದು, ಮತ್ತೆ ಸಣ್ಣ ಸಣ್ಣ ಜಡೆ ಹೆಣೆದು, ತುದಿಗಳನ್ನೆಲ್ಲ ಕರಿ ಉಣ್ಣೆಯ ಗೊಂಡೆಯಲ್ಲಿ ಸೇರಿಸಿ ಕಟ್ಟಿದರೆ ಮುಗಿಯಿತು. ಊರಿನ ಹೆಂಗಸರು ತಂತಮ್ಮ ಬೀಜ ತಂದುಕೊಟ್ಟು, ತಂತಮ್ಮ ಕೊಂಬು ತುಂಬಿಸಿಕೊಂಡು, ಅವಳ ಮೊಣಕಾಲಿನ ನಡುವೆ ಕೂತು ಹೋಗುತ್ತಿದ್ದರು. ಯಾರಾದರೂ ಅರ್ಧ ಕೊಂಬು ಸಾಕು ಅಂದರೆ, "ಹಂಗಾದ್ರೆ ಅರ್ಧ ತಲೆ ತಗೊಂಡು ಬಾ" ಅನ್ನುವಳು.

ನನ್ನ ಕೂದಲ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ನನ್ನ ಹೆಸರು ಛೋರೋಲ್. ಐವತ್ತೈದು ದಾಟಿದ್ದರೂ ನನ್ನ ಜಡೆ ಸೊಂಟಕ್ಕೆ ಬಡಿಯುತ್ತಿತ್ತು. ಕೂದಲಿದ್ದವಳು ಹೇಗೆ ಕಟ್ಟಿದರೂ ಚೆಂದ ಎಂಬ ಮಾತು ನನ್ನನ್ನು ನೋಡಿಯೇ ಹುಟ್ಟಿದ್ದು ಎಂದು ನಾನು ನಂಬಿದ್ದೆ. ನನ್ನ ಗಂಡ ಗ್ಯಾಲ್ಸನ್ ಮನೆಅಳಿಯ. ಸೈನ್ಯದಲ್ಲಿ ಹೊರೆ ಹೊರುವ ಕೆಲಸಕ್ಕೆ ಹೋಗಿದ್ದಾಗ ಒಮ್ಮೆ ಯಾರೋ ದಕ್ಷಿಣದ ಸಿಪಾಯಿ ಕೊಟ್ಟನೆಂದು ತೆಂಗಿನೆಣ್ಣೆ ತಂದಿದ್ದ. ನಮ್ಮ ಚಳಿಗೆ ಅದು ಬಿಳಿ ಕಲ್ಲಾಯಿತು. ಚಾಕುವಿನಲ್ಲಿ ಕೆತ್ತಿ, ಒಲೆಯ ಮೇಲೆ ಕರಗಿಸಿ, ತಲೆಗೆ ಬಳಿದುಕೊಂಡು ದನಕ್ಕೆ ಹುಲ್ಲು ಹಾಕಲು ಹೋದೆ. ಅಂಗಳ ದಾಟುವಷ್ಟರಲ್ಲಿ ತಲೆಯ ಮೇಲೆ ಗಾರೆ ಮೆತ್ತಿದ ಹಾಗಾಯಿತು. ಅಕ್ಕ ಆ ದಿನವೆಲ್ಲ ನಕ್ಕಳು. ಸಾಸಿವೆಯೆಣ್ಣೆ ತಂದರೆ ಅದು ಬಾಣಲೆಗೆ, ನೆತ್ತಿಗಲ್ಲ ಎಂದು ಮೂಗು ಮುರಿಯುತ್ತಿದ್ದಳು. ಹೀಗಾಗಿ ಅವಳ ಕೊಂಬಿನ ಹೊರತು ನನಗೆ ಬೇರೆ ಗತಿಯಿರಲಿಲ್ಲ.

ಇಷ್ಟೆಲ್ಲ ತಿಳಿದವಳು ತಾನೇ ಕೂದಲು ಕಳೆದುಕೊಂಡದ್ದು ಹೇಗೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ. ಅವ್ವ ಸತ್ತದ್ದು ಜವೆಯ ಕೊಯ್ಲಿನ ಹೊತ್ತಿಗೆ. ಅಕ್ಕನಿಗೆ ಆಗ ಹನ್ನೊಂದು, ನನಗೆ ನಾಲ್ಕು. ಆ ಚಳಿಗಾಲ ಅಕ್ಕ ಅವ್ವನ ಟೋಪಿಯನ್ನು ತಲೆಗೇರಿಸಿದವಳು ಯಾರ ಮುಂದೆಯೂ ತೆಗೆಯಲಿಲ್ಲ. ಮಂಜು ಕರಗಿದ ಮೇಲೆ ಅಪ್ಪ ಬಲವಂತವಾಗಿ ಟೋಪಿ ಕಿತ್ತು ನೋಡಿದರೆ ಕೂದಲು ಕೂದಲಾಗಿ ಉಳಿದಿರಲಿಲ್ಲ. ಎಲ್ಲ ಸೇರಿ ಗಂಟಾಗಿ, ಉಣ್ಣೆಯ ಕಂಬಳಿಯ ತುಂಡಿನ ಹಾಗೆ ನೆತ್ತಿಗೆ ಅಂಟಿತ್ತು, ತುಂಬ ಹೇನು. ಅಪ್ಪ ಕುರಿಯ ಕತ್ತರಿ ತಂದು ಬುಡಕ್ಕೇ ಕತ್ತರಿಸಿದ. ಮಠದಲ್ಲಿದ್ದ ನಮ್ಮ ಸೋದರಮಾವ ಅದೇ ವಾರ ಬಂದವನು, ಹೇಗೂ ತಲೆ ಬೋಳಾಗಿದೆ, ತಾಯಿ ಸತ್ತ ಮನೆಗೆ ಒಬ್ಬಳು ಚೋಮೋ ಇದ್ದರೆ ಪುಣ್ಯ, ಮನೆಗೆಲಸಕ್ಕೂ ಕೈ ಉಳಿಯುತ್ತದೆ ಎಂದ. ಅಪ್ಪ ಒಪ್ಪಿದ. "ತನ್ನ ತಲೆ ಕಾಯ್ಕೊಳ್ಳೋಕೆ ಬರದ ಸೋಮಾರಿ, ಪೆರಕ್ ಏನು ಕಾಯ್ತಾಳೆ" ಎಂದು ಅಪ್ಪ ಅವತ್ತು ಹೇಳಿದ ಮಾತು ಅವನು ಸಾಯುವವರೆಗೂ ನಮ್ಮ ಮನೆಯಲ್ಲಿ ಓಡಾಡಿಕೊಂಡಿತ್ತು.

ಪೆರಕ್ ನಮ್ಮ ಕಡೆ ತಾಯಿಯಿಂದ ಹಿರಿಯ ಮಗಳಿಗೆ ಬರುವ ತಲೆಯೊಡವೆ. ಹಣೆಯಿಂದ ಬೆನ್ನಿನವರೆಗೆ ಹಾವಿನ ಹೆಡೆಯ ಹಾಗೆ ಇಳಿಯುವ ಚರ್ಮದ ಪಟ್ಟಿ, ಅದರ ತುಂಬ ಸಾಲಾಗಿ ಹೊಲಿದ ನೀಲಿ ಫಿರೋಜಾ ಕಲ್ಲುಗಳು, ಎರಡೂ ಕಿವಿಯ ಮೇಲೆ ಕುರಿಮರಿಯ ಕಪ್ಪು ಚರ್ಮದ ರೆಕ್ಕೆಗಳು. ತೂಕ ಒಂದು ಆಡಿನ ಮರಿಯಷ್ಟು. ಅದನ್ನು ಸುಮ್ಮನೆ ಇಟ್ಟುಕೊಳ್ಳುವುದಲ್ಲ, ಕಿವಿಯ ಪಕ್ಕದ ಜಡೆಗಳಿಗೆ ಸೇರಿಸಿ ಹೊಲಿಯಬೇಕು. ಕೂದಲೇ ಅದರ ಗೂಟ. ಅಕ್ಕನಿಗೆ ಬರಬೇಕಾಗಿದ್ದ ಪೆರಕ್ ನನಗೆ ಬಂತು. ಪೆರಕ್ ಬಂದವಳಿಗೇ ಮನೆ, ಹೊಲ, ಗ್ಯಾಲ್ಸನ್ ಎಲ್ಲ ಬಂತು. ಅವಳಿಗೆ ಅಡಿಗೆಮನೆ ಪಕ್ಕದ ಕೋಣೆ ಬಂತು. ಸಿಟ್ಟು ಬಂದಾಗ ನಾನೂ ಅಪ್ಪನ ಮಾತನ್ನೇ ಅವಳ ಮುಖಕ್ಕೆ ಎಸೆದಿದ್ದೇನೆ. ಒಂದು ಸಲವಲ್ಲ, ಹತ್ತು ಸಲ. ಅವಳು ಎಂದೂ ತಿರುಗಿ ಮಾತಾಡಲಿಲ್ಲ.

ಈಗ ನಿಲ್ಜಾಳ ಮದುವೆಯ ವರ್ಷಕ್ಕೆ ಬರುತ್ತೇನೆ.

ನಿಲ್ಜಾ ನನ್ನ ಒಬ್ಬಳೇ ಮಗಳು. ಜಮ್ಮುವಿನಲ್ಲಿ ಎರಡು ವರ್ಷ ಮೇಷ್ಟರ ಕೆಲಸದ ತರಬೇತಿ ಮುಗಿಸಿ, ದಾರಿ ಮುಚ್ಚುವ ಮುಂಚಿನ ಕೊನೆಯ ಬಸ್ಸಿಗೆ ಊರಿಗೆ ಬಂದಳು. ನದಿಯಾಚೆಯ ಊರಿನಲ್ಲಿ ಗಂಡು ಗೊತ್ತಾಗಿತ್ತು. ಲೋಸರ್ ಕಳೆದು ಹತ್ತೊಂಬತ್ತನೆಯ ದಿನಕ್ಕೆ ಮದುವೆ. ಬಂದವಳು ಟೋಪಿ ತೆಗೆದಳು. ನಾನು ನೋಡಿ ಕೂತುಬಿಟ್ಟೆ. ಅಲ್ಲಿಯ ಬಿಸಿಲಿನಲ್ಲಿ ದಿನಾ ಶಾಂಪೂ ಹಾಕಿ ತೊಳೆದು ತೊಳೆದು ಕೂದಲು ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅಕ್ಕ ಒಂದು ಎಳೆ ಹಿಡಿದು ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದಳು. ಅದು ಪಟ್ಟೆಂದು ತುಂಡಾಯಿತು.

ಇದರ ಮೇಲೆ ಪೆರಕ್ ನಿಲ್ಲುತ್ತದೆಯೇ ಎಂದು ನಾನು ಕೇಳಿದೆ. ಹೆಣ್ಣು ತವರು ಬಿಡುವ ಮುಂಚೆ ಒಲೆಗೆ ಮೂರು ಸಲ ತಲೆಬಾಗಬೇಕು. ಆಗ ಪೆರಕ್ ಜಾರಿದರೆ ಅವಳು ಹೋದ ಮನೆಯಲ್ಲಿ ಬಾಳುವುದಿಲ್ಲವೆಂದು ನಮ್ಮ ಹಿರಿಯರ ಮಾತು. ಹೊಸ ಹುಡುಗಿಯರು ಪಿನ್ನು ಚುಚ್ಚಿಕೊಂಡು ಹೇಗೋ ಸುಧಾರಿಸುತ್ತಾರೆ, ನಿಜ. ಆದರೆ ಪಿನ್ನು ಚುಚ್ಚಿದ್ದು ಗಂಡಿನ ಕಡೆಯ ಮುದುಕಿಯರ ಕಣ್ಣಿಗೆ ಬೀಳದೆ ಇರುವುದಿಲ್ಲ. ಇವತ್ತಿನಿಂದ ಈ ತಲೆ ತನ್ನದು, ಇನ್ನು ಮೇಲೆ ಯಾರೂ ಮುಟ್ಟಬಾರದು, ನೀನೂ ಮುಟ್ಟಬಾರದು ಎಂದು ಅಕ್ಕ ನಿಲ್ಜಾಳಿಗೆ ಹೇಳಿದಳು.

ತೊಂದರೆ ಎಣ್ಣೆಯದಾಗಿತ್ತು. ಆ ವಸಂತದಲ್ಲಿ ಜರ್ದಾಲು ಹೂ ಬಿಟ್ಟ ವಾರವೇ ಮಂಜು ಬಿದ್ದು ಇಡೀ ಕಣಿವೆಯ ಹೂ ಸುಟ್ಟುಹೋಗಿತ್ತು. ಯಾರ ಮನೆಯಲ್ಲೂ ಬೀಜವಿಲ್ಲ. ನಮ್ಮ ಅಟ್ಟ ಗುಡಿಸಿ, ಇಲಿ ಬಿಲದಿಂದಲೂ ಕೆದಕಿ ತೆಗೆದು, ಅಕ್ಕ ಎರಡು ದಿನ ನಾದಿದಾಗ ಸಿಕ್ಕಿದ್ದು ಒಂದೇ ಕೊಂಬು. ಯಾವಾಗಲೂ ಐದಾರು ಕೊಂಬು ತೂಗುತ್ತಿದ್ದ ಕಂಬದಲ್ಲಿ ಆ ಒಂದು ಕೊಂಬು ತೂಗುವುದನ್ನು ನೋಡಿ ನನಗೆ ಕಸಿವಿಸಿಯಾಯಿತು.

ನಾನು ಜಾಣೆ. ಅರ್ಧ ನಿಲ್ಜಾಳಿಗೆ, ಅರ್ಧ ನನಗೆ ಅಂದೆ. ಮಗಳ ಮದುವೆಯಲ್ಲಿ ತಾಯಿಯ ತಲೆಯನ್ನೂ ಜನ ನೋಡುತ್ತಾರೆ, ನೋಡುವುದಿಲ್ಲವೇ?

ಅಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. "ಅರ್ಧ ಅರ್ಧ ಅಂದ್ರೆ ಎರಡು ತಲೇನೂ ಹಾಳು. ಒಬ್ರು ಬಿಡಿ."

"ಬಿಡದಿದ್ರೆ?"

"ಬಿಡದಿದ್ರೆ ಇಬ್ರೂ ನನ್ನ ಹಂಗೆ ಆಗ್ತೀರ. ಟೋಪಿ ಹೊಲ್ಕೊಡ್ತೀನಿ, ಹಾಕ್ಕೊಳ್ಳಿ."

ನಾನು ಬಿಟ್ಟೆ. ಸುಮ್ಮನೆ ಬಿಡಲಿಲ್ಲ. ಎರಡು ದಿನ ಮುಖ ಊದಿಸಿಕೊಂಡು, ಪಾತ್ರೆಗಳನ್ನು ಕುಕ್ಕಿ, ತಾಯಿ ಅನ್ನಿಸಿಕೊಂಡ ಮೇಲೆ ಎಲ್ಲ ಬಿಡಬೇಕಲ್ಲ ಎಂದು ಗೋಡೆಗೆ ಕೇಳಿಸುವಂತೆ ಹೇಳಿ, ಆಮೇಲೆ ಬಿಟ್ಟೆ. ಐವತ್ತು ವರ್ಷದಲ್ಲಿ ಮೊದಲ ಬಾರಿ ಎಣ್ಣೆಯಿಲ್ಲದೆ ಚಳಿಗಾಲಕ್ಕೆ ಕಾಲಿಟ್ಟೆ. ಬರಿ ಬಾಚಿ ಹೆಣೆದುಕೊಂಡರೆ ಏನಾಗುತ್ತದೆ, ಇಷ್ಟು ದಟ್ಟ ಕೂದಲು ಒಂದು ಚಳಿಗಾಲ ತಡೆಯುವುದಿಲ್ಲವೇ ಎಂದುಕೊಂಡಿದ್ದೆ.

ಅಕ್ಕ ನಿಲ್ಜಾಳ ತಲೆಯನ್ನು ಎಳೆಗೂಸಿನಂತೆ ನೋಡಿಕೊಂಡಳು. ಮೊದಲು ಮುರಿದ ತುದಿಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕದೆ ಗೋಡೆಯ ಬಿರುಕಿನಲ್ಲಿ ತುರುಕಿದಳು, ನಮ್ಮಲ್ಲಿ ಕೂದಲು ಸುಡುವುದಿಲ್ಲ. ಬಾಚಣಿಗೆ ಹಾಕದೆ ಬರಿ ಬೆರಳಿನಲ್ಲೇ ಸಿಕ್ಕು ಬಿಡಿಸಿದಳು. ಕಿವಿಯ ಎರಡೂ ಪಕ್ಕದ ಕೂದಲಿಗೆ ಹತ್ತು ದಿನಕ್ಕೊಮ್ಮೆ ಎಣ್ಣೆ, ಉಳಿದದ್ದಕ್ಕೆ ಇಪ್ಪತ್ತು ದಿನಕ್ಕೊಮ್ಮೆ. ಟೋಪಿಯ ಒಳಗೆ ತನ್ನ ಹಳೆಯ ರೇಷ್ಮೆ ಶಾಲಿನ ತುಂಡು ಹೊಲಿದು, ಉಣ್ಣೆ ಕೂದಲನ್ನು ಉಜ್ಜದಂತೆ ಮಾಡಿದಳು. ಲೋಸರ್ ಹಬ್ಬದ ಹೊತ್ತಿಗೆ ಆ ಹುಲ್ಲಿಗೆ ಮತ್ತೆ ಕಪ್ಪು ಹತ್ತಿತು. ಎಳೆದರೆ ಎಳೆ ತುಂಡಾಗುತ್ತಿರಲಿಲ್ಲ. ನಿಲ್ಜಾ ಮಾತ್ರ ಗೊಣಗುತ್ತಿದ್ದಳು. ತಲೆ ಜಿಡ್ಡುಜಿಡ್ಡು, ಕಹಿ ವಾಸನೆ, ಜಮ್ಮುವಿನಲ್ಲಿ ಹೀಗಿದ್ದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ ಎನ್ನುತ್ತಿದ್ದಳು. ಪಕ್ಕದಲ್ಲಿ ಕೂರುವವನು ನಮ್ಮ ಕಣಿವೆಯವನೇ, ಅವನ ಅವ್ವನೂ ಇದೇ ವಾಸನೆ ಎಂದು ಅಕ್ಕ ಸಮಾಧಾನ ಮಾಡುತ್ತಿದ್ದಳು.

ಲೋಸರ್ ಆದ ಐದನೆಯ ದಿನ ಗಂಡಿನ ಕಡೆಯವರು ಜವೆಯ ಹೆಂಡ ಛಾಂಗ್ ತುಂಬಿದ ಗಡಿಗೆ ಹೊತ್ತುಕೊಂಡು ಮದುವೆಯ ಮಾತಿಗೆ ಬರುವುದಿತ್ತು. ಅವತ್ತಿನ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ಬೆಳಿಗ್ಗೆಯೇ ದನದ ಕೊಟ್ಟಿಗೆಗೆ ಹೋಗಿದ್ದಳು. ನಿಲ್ಜಾ ಅದೇ ಸಮಯ ನೋಡಿ, ಚಹಾಕ್ಕೆ ಕಾಯಿಸಿದ್ದ ನೀರಿನಲ್ಲಿ, ಜಮ್ಮುವಿನಿಂದ ತಂದು ಬಚ್ಚಿಟ್ಟಿದ್ದ ಶಾಂಪೂ ಹಾಕಿ ತಲೆ ತೊಳೆದುಕೊಂಡಿದ್ದಾಳೆ. ಒರೆಸಿ, ಎರಡು ಜಡೆ ಹಾಕಿ, ಮೇಲೆ ಟೋಪಿ ಇಟ್ಟುಕೊಂಡು ಒಲೆಯ ಮುಂದೆ ಕೂತಿದ್ದಾಳೆ. ನನಗೆ ಇದು ಯಾವುದೂ ಗೊತ್ತಿಲ್ಲ. ಮೇಲಿನ ಕೋಣೆ ಗುಡಿಸಿ ಇಳಿದು ಬಂದ ನಾನು ಹಂಡೆ ಖಾಲಿಯಿರುವುದನ್ನು ನೋಡಿ ಸಿಟ್ಟಾಗಿ, ನೀರು ತಾ, ಬೀಗರು ಬರುವ ಹೊತ್ತಾಯಿತು, ಮಹಾರಾಣಿಯ ಹಾಗೆ ಕೂತಿದ್ದೀಯ ಎಂದು ಕೂಗಿದೆ. ತಲೆ ಒದ್ದೆಯಾಗಿದೆ ಅಂದರೆ ಗುಟ್ಟು ಬಯಲಾಗುತ್ತದೆ. ಅವಳು ಮಾತಾಡದೆ ಕೊಡ ತೆಗೆದುಕೊಂಡು ಹೊರಟಳು.

ನಮ್ಮೂರಿನ ಊಟೆಯ ನೀರು ಕಬ್ಬಿಣದ ಕೊಳವೆಯಲ್ಲಿ ಬರುತ್ತದೆ. ಹೆಪ್ಪುಗಟ್ಟದಿರಲೆಂದು ಹಗಲೂ ರಾತ್ರಿ ಹರಿಯಲು ಬಿಟ್ಟಿರುತ್ತೇವೆ. ಆ ಬೆಳಿಗ್ಗೆ ಉಗುಳಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗುವ ಚಳಿ. ನಿಲ್ಜಾ ಬಗ್ಗಿ ಕೊಡ ಇಟ್ಟಾಗ ಎಡಗಡೆಯ ಒದ್ದೆ ಜಡೆ ಜಾರಿ ಕೊಳವೆಯ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ಕಚ್ಚಿಕೊಂಡಿತು. ಚಳಿಗಾಲದ ಕಬ್ಬಿಣ ಒದ್ದೆಯಾದದ್ದನ್ನು ಬಿಡುವುದಿಲ್ಲ ಎಂಬುದು ನಮ್ಮಲ್ಲಿ ಎರಡು ವರ್ಷದ ಮಗುವಿಗೂ ಗೊತ್ತು. ಸುಮ್ಮನೆ ನಿಂತು ಯಾರನ್ನಾದರೂ ಕರೆದಿದ್ದರೆ ಬಿಸಿನೀರು ಹೊಯ್ದು ಬಿಡಿಸುತ್ತಿದ್ದರು. ಆದರೆ ದಾರಿಯಲ್ಲಿ ಬೀಗರು ಬರುತ್ತಿರುವುದು ಅವಳಿಗೆ ಕಂಡಿತು. ಕೊಳವೆಗೆ ಕಟ್ಟಿದ ಆಡಿನ ಹಾಗೆ ಅವರ ಮುಂದೆ ನಿಲ್ಲಲು ನಾಚಿಕೆಯಾಗಿ ಅವಳು ಜಡೆ ಹಿಡಿದು ಜಗ್ಗಿದಳು.

ಬೀಗರು ಕೂತು, ಛಾಂಗ್ ಕುಡಿದು, ಮಾತು ಮುಗಿಸಿ ಎದ್ದುಹೋಗುವವರೆಗೂ ನಿಲ್ಜಾ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ನಗುತ್ತಲೇ ಬಡಿಸಿದಳು. ಅವಳ ಬೆನ್ನಿನ ಮೇಲೆ ಒಂದೇ ಜಡೆ ಇರುವುದನ್ನು ಕಂಡವಳು ಅಕ್ಕ. ಅವರು ಹೊಸಿಲು ದಾಟಿದ ಕೂಡಲೇ ನಿಲ್ಜಾಳ ಟೋಪಿ ತೆಗೆದಳು. ಎಡಗಿವಿಯ ಮೇಲೆ ಅಂಗೈಯಗಲದ ಜಾಗದಲ್ಲಿ ಬರಿ ಮೊಟುಕು. ನಡುವೆ ಚರ್ಮ ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ಪೆರಕ್ ಹೊರುವ ಎರಡು ಪಕ್ಕದ ಜಡೆಗಳಲ್ಲಿ ಒಂದು ಆ ಎಡಗಿವಿಯ ಮೇಲಿನದು. ಮದುವೆಗೆ ಹದಿನಾಲ್ಕು ದಿನ ಉಳಿದಿತ್ತು.

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಜಮ್ಮುವನ್ನು ಬೈದೆ, ಶಾಂಪೂವನ್ನು ಬೈದೆ, ಮಗಳನ್ನು ಬೈದೆ. ಕೊನೆಗೆ ಬೇರೆ ಏನೂ ಉಳಿಯದೆ ಅಪ್ಪನ ಮಾತೇ ಬಂತು. ತನ್ನ ತಲೆ ಕಾಯಲು ಬರದವಳು ಪೆರಕ್ ಏನು ಕಾಯುತ್ತಾಳೆ ಎಂದೆ. ನಿಲ್ಜಾ ಅಳಲು ಶುರುಮಾಡಿದಳು.

ಅಕ್ಕ ಅವತ್ತು ಮೊದಲ ಸಲ ನನಗೆ ಎದುರು ಮಾತಾಡಿದಳು. ದನಿ ಏರಿಸಲಿಲ್ಲ. "ಆ ಮಾತು ಈ ಹುಡುಗಿಗೆ ಹೇಳ್ಬೇಡ, ಛೋರೋಲ್. ನನಗೆ ಹೇಳಿದ್ದು ಸಾಕು."

ಆಮೇಲೆ ಕೆಟಲಿನಲ್ಲಿ ಬಿಸಿನೀರು ತೆಗೆದುಕೊಂಡು ಊಟೆಗೆ ಹೋದಳು. ಕೊಳವೆಗೆ ಅಂಟಿ ಕಡ್ಡಿಯಾಗಿದ್ದ ಜಡೆಯ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಹೊಯ್ದು, ಒಂದೂ ಎಳೆ ಬಿಡದಂತೆ ಬಿಡಿಸಿಕೊಂಡು, ನಿಲುವಂಗಿಯ ಮಡಿಲಲ್ಲಿ ಸುತ್ತಿ ತಂದಳು. ಅದನ್ನು ಒಣಗಿಸಿ, ಎಣ್ಣೆ ಹಚ್ಚಿ, ಕಂಬದ ಮೊಳೆಗೆ ನೇತುಹಾಕಿದಳು. ಗಾಯಕ್ಕೆ ಬೆಣ್ಣೆ ಸವರಿದಳು. ಮೊಟುಕು ಕೂದಲಿಗೆ ದಿನಾ ಎಣ್ಣೆ ಹಚ್ಚಿ, ಒಲೆಯ ಮುಂದೆ ಕೂತು, ಅಂಗೈ ಬಿಸಿಮಾಡಿ ಒತ್ತಿದಳು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಉಳಿದಿತ್ತು, ಅದು ಇನ್ನು ಮುರಿಯಬಾರದು. ಕೊಂಬು ಬೇಗಬೇಗ ಹಗುರವಾಯಿತು. ಇನ್ನು ಆ ಎಣ್ಣೆಯಲ್ಲಿ ನನಗೆ ಒಂದು ಹನಿಯೂ ಸಿಗುವುದಿಲ್ಲವೆಂದು ನನಗೆ ಗೊತ್ತಾಯಿತು, ಆದರೆ ಈ ಸಲ ಪಾತ್ರೆ ಕುಕ್ಕಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಅಕ್ಕ ಮೊಟುಕು ಕೂದಲನ್ನು ಎಂಟು ಸಣ್ಣ ಕುಚ್ಚುಗಳಾಗಿ ಬಿಡಿಸಿದಳು. ಕೊಳವೆಯಿಂದ ಬಿಡಿಸಿ ತಂದ ಜಡೆಯನ್ನು ಕರಿ ಉಣ್ಣೆಯ ಜೊತೆ ಹೊಸೆದು, ಒಂದೊಂದು ಕುಚ್ಚಿಗೂ ಬುಡದಲ್ಲಿ ಗಂಟುಹಾಕಿ, ಎಂಟನ್ನೂ ಸೇರಿಸಿ ಹೆಣೆದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಕೆಲಸ. ನಿಲ್ಜಾಳ ಕಣ್ಣಿನಲ್ಲಿ ನೀರು ಬರುತ್ತಿತ್ತು, ಅಕ್ಕ ಅಲ್ಲಾಡಬೇಡ ಎಂದು ಮಾತ್ರ ಹೇಳುತ್ತಿದ್ದಳು. ಪೆರಕ್ ತಂದುಕೊಟ್ಟವಳು ನಾನು. ಹೊಲಿದವಳು ಅವಳು. ಅವಳ ಜನ್ಮದಲ್ಲಿ ಪೆರಕ್ ಅವಳ ಕೈಗೆ ಬಂದದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು.

ನಿಲ್ಜಾ ಒಲೆಯ ಮುಂದೆ ನಿಂತಳು. ಗಂಡಿನ ಕಡೆಯ ಮುದುಕಿಯರು ಗೋಡೆಗೆ ಒರಗಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಒಂದು ಸಲ ಬಾಗಿದಳು, ಎರಡು ಸಲ ಬಾಗಿದಳು. ಮೂರನೆಯ ಸಲ ಹಣೆ ನೆಲ ಮುಟ್ಟಿದಾಗ ಕಲ್ಲುಗಳೆಲ್ಲ ಮುಂದಕ್ಕೆ ವಾಲಿದವು. ಎಡಗಡೆಯ ಜಡೆ ಬಿಗಿಯಾಗಿ ನಿಂತಿತು. ಅವಳು ಎದ್ದಾಗ ಪೆರಕ್ ನೆತ್ತಿಯ ಮೇಲೆ ಇದ್ದಲ್ಲೇ ಇತ್ತು. ಮುದುಕಿಯೊಬ್ಬಳು ಪಕ್ಕದವಳಿಗೆ, ಹುಡುಗಿಯ ಕೂದಲು ಗಟ್ಟಿಯಪ್ಪ ಎಂದಳು. ನಾನು ಬಾಗಿಲ ಹಿಂದೆ ಹೋಗಿ ಅತ್ತೆ. ಅಕ್ಕ ದನಕ್ಕೆ ಹುಲ್ಲು ಹಾಕುವ ಹೊತ್ತಾಯಿತೆಂದು ಎದ್ದುಹೋದಳು.

ನದಿಯ ಮಂಜು ಒಡೆದ ವಾರ ಅಕ್ಕ ನನ್ನನ್ನು ಕರೆದಳು. ಮೂರನೆಯ ತಲೆಸ್ನಾನದ ಹೊತ್ತು. ಮಗಳ ಮದುವೆಯ ಗಲಾಟೆಯಲ್ಲಿ ನಾನು ಟೋಪಿ ತೆಗೆದು ಎಷ್ಟು ದಿನವಾಗಿತ್ತೋ. ಮೊದಮೊದಲು ಬಾಚುತ್ತಿದ್ದೆ, ಬಾಚಿದರೆ ಮುರಿಯುತ್ತಿತ್ತು. ಮುರಿಯುತ್ತದೆಂದು ಬಾಚುವುದನ್ನು ಬಿಟ್ಟೆ. ಬಿಟ್ಟ ಮೇಲೆ ನೋಡಲು ಹೆದರಿ ಟೋಪಿ ತೆಗೆಯುವುದನ್ನೇ ಬಿಟ್ಟೆ. ಅವಳ ಮೊಣಕಾಲಿನ ನಡುವೆ ಕೂತೆ. ಅವಳು ಟೋಪಿ ತೆಗೆದಳು. ಬಾಚಣಿಗೆ ಒಂದು ಬೆರಳಿನಷ್ಟು ಇಳಿದು ನಿಂತಿತು. ಇನ್ನೊಂದು ಕಡೆಯಿಂದ ಇಳಿಸಿದಳು, ಅಲ್ಲೂ ನಿಂತಿತು. ನಾನು ಕೈಹಾಕಿ ಮುಟ್ಟಿ ನೋಡಿಕೊಂಡೆ. ಕೈಗೆ ಸಿಕ್ಕಿದ್ದು ಕೂದಲಲ್ಲ. ಕಂಬಳಿಯ ತುಂಡು.

ಒಂದು ತಲೆಗೆ, ಒಂದು ಚಳಿಗಾಲಕ್ಕೆ, ಒಂದು ಕೊಂಬು. ಈ ಮಾತನ್ನು ನಾನು ಐವತ್ತು ವರ್ಷದಿಂದ ಕೇಳುತ್ತಿದ್ದೆ. ಅವತ್ತು ಆ ಕಂಬಳಿಯ ಮೇಲೆ ಕೈಯಿಟ್ಟುಕೊಂಡು ಕೂತಾಗ ಮೊದಲ ಸಲ ನನಗೆ ಬೇರೆ ಒಂದು ಚಳಿಗಾಲ ನೆನಪಾಯಿತು. ಅವ್ವ ಕೊಯ್ಲಿನಲ್ಲೇ ಸತ್ತಿದ್ದಳು, ಎಣ್ಣೆ ತೆಗೆಯುವುದು ಕೊಯ್ಲಾದ ಮೇಲೆ. ಹಾಗಾದರೆ ಆ ವರ್ಷ ನಾದಿದ್ದು ಯಾರು? ಹನ್ನೊಂದು ವರ್ಷದ ಕೈಗೆ ಎಷ್ಟು ಎಣ್ಣೆ ಬಿಟ್ಟೀತು? ನಾನೋ, ಆ ಚಳಿಗಾಲವೆಲ್ಲ ಇದೇ ಒಲೆಯ ಮುಂದೆ, ಇದೇ ಮೊಣಕಾಲುಗಳ ನಡುವೆ ಕೂತಿದ್ದೆ. ಕಹಿ ಎಣ್ಣೆಯ ವಾಸನೆ ನನಗೆ ಚೆನ್ನಾಗಿ ನೆನಪಿದೆ.

"ಅಕ್ಕ, ಅವ್ವ ಹೋದ ವರ್ಷ ಕಂಬದಲ್ಲಿ ಎಷ್ಟು ಕೊಂಬು ಇತ್ತು?"

ಬಾಚಣಿಗೆ ನಿಂತಿತು. "ಯಾಕೆ ಈಗ?"

"ಎಷ್ಟಿತ್ತು ಹೇಳು."

"ಒಂದು" ಅಂದಳು. "ನೀನು ಅಳ್ತಿದ್ದೆ, ಛೋರೋಲ್. ಅವ್ವ ಬೇಕು ಅಂತ. ತಲೆಗೆ ಎಣ್ಣೆ ಹಚ್ಚಿದ್ರೆ ಸುಮ್ಮನಾಗ್ತಿದ್ದೆ."

ಅಪ್ಪ ಸೋಮಾರಿ ಅಂದಾಗ ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಅವಳ ತಲೆಯ ಮೇಲೆ ಮತ್ತೆ ಕೂದಲು ಬರಲು ಬಿಡುತ್ತಿದ್ದನಲ್ಲವೇ, ಪೆರಕ್ ಅವಳಿಗೇ ಉಳಿಯುತ್ತಿತ್ತಲ್ಲವೇ ಎಂದು ಕೇಳಿದೆ. ಅವಳು ಬಾಚಣಿಗೆಗೆ ಸಿಕ್ಕ ಎಳೆಗಳನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡಳು. ಎಣ್ಣೆ ಯಾರ ತಲೆಗೆ ಹೋಯಿತು ಎಂದು ಅಪ್ಪ ಕೇಳಲಿಲ್ಲ, ತಾನು ಹೇಳಲಿಲ್ಲ ಎಂದಳು. ಮೊದಲ ವರ್ಷ ಹೇಳಬೇಕೆನ್ನಿಸುತ್ತಿತ್ತಂತೆ. ಆಮೇಲೆ ನನ್ನ ಜಡೆ ಉದ್ದವಾಗುತ್ತ ಬಂತು, ನೋಡಲು ಚೆನ್ನಾಗಿತ್ತು, ಹೇಳಿ ಏನು ಮಾಡುವುದು ಅನ್ನಿಸಿತಂತೆ.

ನಾನು ಹತ್ತು ಸಲ ಅವಳ ಮುಖಕ್ಕೆ ಎಸೆದ ಮಾತು ಒಂದೊಂದೇ ನೆನಪಾಯಿತು. ನನಗೆ ನಾಚಿಕೆಯಾಯಿತು, ಅಳು ಬಂತು. ಭುಜ ಕುಲುಕುತ್ತಿರುವುದನ್ನು ನೋಡಿ ಅವಳು ಎಡಗೈಯಲ್ಲಿ ನನ್ನ ನೆತ್ತಿ ಹಿಡಿದುಕೊಂಡಳು.

"ಅಲ್ಲಾಡ್ಬೇಡ. ಕತ್ತರಿ ತಾಗುತ್ತೆ."

ಕುರಿಯ ಕತ್ತರಿಯಲ್ಲೇ ಕತ್ತರಿಸಿದಳು. ಬುಡಕ್ಕೆ. ಸೊಂಟಕ್ಕೆ ಬಡಿಯುತ್ತಿದ್ದದ್ದು ಮಡಿಲಿಗೆ ಬಿತ್ತು. ಅದನ್ನು ಸುತ್ತಿ ಗೋಡೆಯ ಬಿರುಕಿನಲ್ಲಿ ತುರುಕಿದಳು. ನಿನ್ನದು ಬೆಳೆಯುತ್ತದೆ ಬಿಡು, ಎರಡು ವರ್ಷಕ್ಕೆ ಭುಜಕ್ಕೆ ಬರುತ್ತದೆ ಎಂದಳು. ತಲೆಗೆ ಗಾಳಿ ಸೋಕಿ ಕಿವಿಯವರೆಗೂ ಚುರುಗುಟ್ಟಿತು. ಐವತ್ತೊಂದು ವರ್ಷ ಅವಳಿಗೆ ಇದೇ ಚಳಿ ಹೊಡೆದಿರಬೇಕು.

ಕಂಬದ ಮೇಲೆ ಕೊಂಬು ಇನ್ನೂ ತೂಗುತ್ತಿತ್ತು. ಬಿರಡೆ ತೆಗೆದು ಬೋರಲು ಹಿಡಿದೆ. ತುಂಬ ಹೊತ್ತು ಏನೂ ಬರಲಿಲ್ಲ. ಒಲೆಯ ಮೇಲೆ ಬೆಚ್ಚಗೆ ಮಾಡಿ ಮತ್ತೆ ಹಿಡಿದಾಗ ನಾಲ್ಕು ಹನಿ ಅಂಗೈಗೆ ಬಿತ್ತು. ಅವಳನ್ನು ಒಲೆಯ ಮುಂದೆ ಕೂರಿಸಿ, ಟೋಪಿ ತೆಗೆದು, ಆ ಬೋಳುತಲೆಗೆ ಎಣ್ಣೆ ಹಚ್ಚಿದೆ. ಹಣೆಯಿಂದ ಹಿಂದಕ್ಕೆ, ಕಿವಿಯ ಎರಡೂ ಪಕ್ಕಕ್ಕೆ, ಪೆರಕ್ ಕೂರುವ ಜಾಗಕ್ಕೆಲ್ಲ.

"ಹುಚ್ಚಿ, ಅಲ್ಲಿ ಏನಿದೆ ಅಂತ ಹಚ್ತೀಯ?" ಅಂದಳು.

ಅಲ್ಲಾಡಬೇಡ ಅಂದೆ. ಅವಳು ಅಲ್ಲಾಡಲಿಲ್ಲ.